ಲಂಟಾನ ಮತ್ತು ನನ್ನ ಕೈಗುಣ

ಕೆಲವರ ಕೈಯಲ್ಲಿ ಅಡುಗೆ ರುಚಿಯಾಗುತ್ತದೆ, ಕೆಲವರ ಕೈಯಲ್ಲಿ ದುಡ್ಡು ನಿಲ್ಲುತ್ತದೆ. ನನ್ನ ಕೈಯಲ್ಲಿ ಗಿಡ ಸಾಯುತ್ತಿತ್ತು. ಒಣಗಿ ಅಲ್ಲ, ನೀರು ಕುಡಿದೂ ಕುಡಿದೂ! ನಾನು ಶ್ರೀರಂಗಪಟ್ಟಣದ ನಾಲೆ ಪಕ್ಕದಲ್ಲಿ ಹುಟ್ಟಿ ಬೆಳೆದವಳು. ಗಿಡ ಅಂದಮೇಲೆ ಅದರ ಬುಡದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರಬೇಕು ಎಂಬುದು ನನ್ನ ತಿಳಿವಳಿಕೆ. ತೊಂಬತ್ತರ ದಶಕದ ಶುರುವಿನಲ್ಲಿ ನಾಗಮಂಗಲ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದೆ. ಅಲ್ಲಿ ಬೋರ್‌ವೆಲ್ಲಿನ ಕೈಪಂಪು ಹೊಡೆದು ಹೊಡೆದು ರಟ್ಟೆ ಬಿದ್ದುಹೋದ ಮೇಲೆ ಒಂದು ಬಿಂದಿಗೆ ತುಂಬುತ್ತಿತ್ತು. ಅದನ್ನೂ ಗಿಡಗಳಿಗೇ ಸುರಿಯುತ್ತಿದ್ದೆ. ಮಲ್ಲಿಗೆ ಹೋಯಿತು, ಕನಕಾಂಬರ ಹೋಯಿತು. ಅತ್ತೆಯ ತುಳಸಿಯೂ ಕೊಳೆತ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನಗಬೇಡಿ. ಆ ಊರಲ್ಲಿ ಮುಂಗಾರಿನ ಮೊದಲ ಹದಮಳೆಗೆ ಹಿತ್ತಲಲ್ಲಿ ಅವರೆ, ಕುಂಬಳದ ಬೀಜ ಹಾಕುವುದು ಕೈಗುಣವಿರುವ ಹೆಂಗಸು. ಆ ಗೌರವ ಅತ್ತೆಯಿಂದ ಸೊಸೆಗೆ ಬರಬೇಕು. ಬರದಿದ್ದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಮೊದಲ ವರ್ಷ ನಾನು ಹಾಕಿದ ಬೀಜ ಮೊಳಕೆಯನ್ನೇ ಕಾಣಲಿಲ್ಲ. ಮರುವರ್ಷ ಪಕ್ಕದ ಮನೆ ನಿಂಗಮ್ಮನನ್ನು ಕರೆಸಿದರು. ಆಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಹಿತ್ತಲಲ್ಲಿ ಬೀಜ ಹಾಕುತ್ತಿದ್ದರೆ ನಾನು ಅಡುಗೆಮನೆಯಲ್ಲಿ, ಆ ದಿನದ ಸಾರಿಗೆ ಬೇಡವೇ ಬೇಡದ ಈರುಳ್ಳಿ ಹೆಚ್ಚುತ್ತಾ ಕಣ್ಣೀರು ಸುರಿಸಿದೆ.

ಆ ಅವಮಾನದಲ್ಲಿದ್ದಾಗಲೇ ಪಾಂಡವಪುರದ ಗೆಳತಿ ಒಂದು ಕುಂಡ ಕೊಟ್ಟಳು. ಒಂದೇ ಗೊಂಚಲಲ್ಲಿ ಹಳದಿ, ಗುಲಾಬಿ ಎರಡೂ ಬಣ್ಣದ ಪುಟ್ಟ ಹೂ. ಬಸ್ಸಿನಲ್ಲಿ ಹಸುಗೂಸಿನ ಹಾಗೆ ತೊಡೆಮೇಲಿಟ್ಟುಕೊಂಡು ತಂದೆ. ಅತ್ತೆ ಒಂದು ಎಲೆ ಹಿಸುಕಿ ಮೂಸಿ ನೋಡಿದರು.

"ಅಯ್ಯೋ, ಇದು ಲಂಟಾನ ಕಣವ್ವ! ಗುಡ್ಡದ್ ತುಂಬ ಬಿದ್ದದೆ. ಆಡೂ ಮುಟ್ಟಕಿಲ್ಲ."

"ಇದು ಬೇರೆ ಜಾತಿ ಅತ್ತೆ. ನರ್ಸರಿದು," ಎಂದೆ, ಜಂಬದಿಂದ.

ಹಿತ್ತಲ ಮೂಲೆಯಲ್ಲಿ ನೆಟ್ಟು ಬಿಂದಿಗೆಗಟ್ಟಲೆ ಸುರಿದೆ. ಪುಣ್ಯಾತ್ಗಿತ್ತಿ ಸಾಯಲಿಲ್ಲ! ಚಿಗುರಿತು, ಹಬ್ಬಿತು. ನನಗೆ ಹಿಡಿಸಲಾರದಷ್ಟು ಹಿಗ್ಗು. ನಮ್ಮವರು ಕುಡುಗೋಲು ತಂದು, "ಕಿತ್ಬುಡ್ಲಾ ಅವ್ವ?" ಅಂದರೆ ಅತ್ತೆ, "ಇರ್ಲಿ ಬುಡ್ಲಾ. ಅವ್ಳ್ ಕೈಲಿ ಒಂದಾದ್ರೂ ಬದುಕ್ತಲ್ಲ," ಎಂದು ತಡೆದರು.

ಬದುಕಿತು, ನಮ್ಮನ್ನು ಬದುಕಲು ಬಿಡಲಿಲ್ಲ. ಬಟ್ಟೆ ಒಗೆಯುವ ಕಲ್ಲನ್ನು ನುಂಗಿತು. ಬಚ್ಚಲಿಗೆ ಹೋಗುವವರ ಸೆರಗು ಹಿಡಿದೆಳೆಯಿತು. ಪೊದೆಯೊಳಗೆ ಮೊಟ್ಟೆಯಿಡಲು ಹೋದ ಕೋಳಿಯನ್ನು ಹುಡುಕಿ ಹೊರಬಂದ ನಮ್ಮವರ ಮೈಮೇಲೆ ಇದ್ದದ್ದು ಅಂಗಿಯೋ ಬಲೆಯೋ ಹೇಳಲಾಗುತ್ತಿರಲಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ನಿಂಗಮ್ಮನ ಹಿತ್ತಲಿಗೂ ಹಂಚಿದವು. ಆಕೆ ಗೋಡೆಯಾಚೆಯಿಂದ, "ಏನವ್ವಾ, ನಿನ್ ಕೈಗುಣ ನಮ್ಮನೇಗೂ ಬಂದ್ಬುಡ್ತಲ್ಲ!" ಎಂದಳು. ನಾಚಿಕೆಗೆ ನೆಲ ಬಿರಿಯಬಾರದೆ ಅನ್ನಿಸಿತು.

ಮೂರನೆಯ ಮುಂಗಾರಿಗೆ ಮುಂಚೆ ಎಲ್ಲರೂ ಸೇರಿ ಅದನ್ನು ಬುಡಸಮೇತ ಅಗೆದೆವು. ಸುಟ್ಟ ಹೊಗೆಗೆ ಕಣ್ಣುರಿ ಬೇರೆ. ಹದ ಬಂತು. ನಿಂಗಮ್ಮ ಕರೆಯದೆಯೇ ಸೆರಗು ಸಿಕ್ಕಿಸಿಕೊಂಡು ಬಂದಳು. ನಾನು ಮೆಲ್ಲಗೆ ಅಡುಗೆಮನೆಯತ್ತ ಜಾರುತ್ತಿದ್ದೆ. ಅತ್ತೆ ಕೈಹಿಡಿದು ನಿಲ್ಲಿಸಿ, ಅವರೆ ಬೀಜದ ಮೊರವನ್ನು ನನ್ನ ಮುಂದೆ ಹಿಡಿದರು.

"ನೀನೇ ಹಾಕು."

"ಬೇಡ ಅತ್ತೆ, ನನ್ನ ಕೈ..."

"ನಿನ್ ಕೈಗೇನಾಗದೆ? ಚೆನ್ನಾಗೇ ಅದೆ ಕಣವ್ವ. ಆ ಬಿಂದ್ಗೆ ಒಂದ್ನ ಮಾತ್ರ ಮುಟ್ಬ್ಯಾಡ. ನೀರ್ ನಾನ್ ನೋಡ್ಕತೀನಿ."

ಬೀಜ ಹಾಕಿದೆ. ಆಮೇಲೆ ಅತ್ತೆ ನನ್ನನ್ನು ಹಿತ್ತಲ ಬಾಗಿಲು ದಾಟಲು ಬಿಟ್ಟವರಲ್ಲ. ಚಳಿ ಹಿಡಿದು ಅವರೆಗೆ ಸೊಗಡು ಬೀಳುವ ಹೊತ್ತಿಗೆ ಚಪ್ಪರದ ತುಂಬ ಕಾಯಿ ಜೋತಾಡಿತು. ನಿಂಗಮ್ಮನೇ ಮಡಿಲು ತುಂಬ ಬಿಡಿಸಿಕೊಂಡು ಹೋದಳು. ಅತ್ತೆ ಬೀದಿಗೆಲ್ಲ, "ನಮ್ ಸೊಸೆ ಕೈಗುಣ," ಎಂದು ಸಾರಿಕೊಂಡು ಬಂದರು.

ಅತ್ತೆ ಈಗಿಲ್ಲ. ಮುಂಗಾರು ಬಿದ್ದರೆ ಈಗಲೂ ಬೀದಿಯ ಹೆಂಗಸರು ಬೀಜ ಹಾಕಿಕೊಡಿ ಎಂದು ನನ್ನನ್ನು ಕರೆಯುತ್ತಾರೆ. ಹೋಗಿ, ಗಂಭೀರವಾಗಿ ಹಾಕಿ, ಕೊಟ್ಟ ಕಾಫಿ ಕುಡಿದು, ಯಾರಾದರೂ ನೀರು ತರುವಷ್ಟರಲ್ಲಿ ಎದ್ದು ಬಂದುಬಿಡುತ್ತೇನೆ.