ಮರ್ಯಾದೆ ಕಲಿತ ಗಂಡ

"ಕಣ್ಣು ಬರ್ಲಿ, ಆಮೇಲೆ ನಿಮ್ಮ ತಟ್ಟೇಲಿ ಒಂದೇ ಒಂದು ಕಲ್ಲು ಸಿಕ್ಕಿದ್ರೆ ನನ್ನ ಹೆಸ್ರು ಸರ್ವಮಂಗಳಮ್ಮನೇ ಅಲ್ಲ!"

ಹೀಗಂತ ಸೌಟು ಎತ್ತಿ ಶಪಥ ಮಾಡಿದೆ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಗಂಡ ಕೂತ ಕಡೆ ಮೂಟೆ ಇದ್ದ ಹಾಗೆ, ಮೂಟೆ ಇದ್ದ ಕಡೆ ಗಂಡ ಕೂತ ಹಾಗೆ ಕಾಣುತ್ತಿತ್ತು. ಅಷ್ಟು ದೊಡ್ಡ ಶಪಥವನ್ನು ರಾಗಿ ಮೂಟೆಯ ಮುಂದೆ ಮಾಡಿದ್ದೆ! ಬೆನ್ನ ಹಿಂದೆ ನಮ್ಮ ಯಜಮಾನರು ಅಡವಿಯಪ್ಪನವರು ನಕ್ಕರು.

"ಲೇ, ಇಲ್ಲಿದೀನಿ ಕಣೇ! ಮೂಟೆ ಜೊತೆ ಏನ್ಲೇ ಜಗಳ? ಅದೇನು ನೀನ್ ಮಾಡಿದ ಅನ್ನ ತಿಂದೈತಾ?"

ಸಿ.ಎಸ್. ಪುರದ ನಮ್ಮ ಮನೆಯಲ್ಲಿ ಎಂದಿನಂಥದೇ ದಿನ ಅದು. ಒಲೆಯ ಮೇಲೆ ಸೊಸೈಟಿ ಅಕ್ಕಿ. ಅಕ್ಕಿಗೆ ಕಲ್ಲು ಬೆರೆಸಿದ್ದರೋ, ಕಲ್ಲಿಗೆ ಅಕ್ಕಿ ಬೆರೆಸಿದ್ದರೋ, ಸೊಸೈಟಿಯವರೇ ಹೇಳಬೇಕು. ನಾನು ಮೊರ ಹಿಡಿದು ಆರಿಸಿದ್ದೇನೋ ನಿಜ. ಕಲ್ಲು ಉಳಿಸಿಕೊಂಡು ಅಕ್ಕಿ ಎಸೆದಿದ್ದೆ ಅಂತ ಕಾಣುತ್ತದೆ.

ಕಟಕ್!

"ಲೇ ಮಂಗಳಿ! ಇದ್ದ ಹಲ್ಲೂ ಹೋಯ್ತಲ್ಲೇ! ನನ್ನ ಸಾಯಿಸ್ಬೇಕು ಅಂತಿದ್ರೆ ನೆಟ್ಟಗೆ ಹೇಳ್ಬುಡು!"

ಕೈ ಹಿಡಿದಾಗಿನಿಂದ ಅವರು ನನ್ನನ್ನು 'ಲೇ' ಅನ್ನದೆ ಕರೆದವರಲ್ಲ. ನೆಂಟರ ಮುಂದೂ ಲೇ, ಮಠದ ಪಂಕ್ತಿಯಲ್ಲೂ ಲೇ.

ಪಕ್ಕದಲ್ಲಿ ಇನ್ನೊಂದು ಕಟಕ್ ಕೇಳಿಸಿತು. ಅದು ಅವರ ತಮ್ಮ ಚನ್ನವೀರಯ್ಯ. ಮದುವೆಯಾಗದೆ ನಮ್ಮ ಜೊತೆಯಲ್ಲೇ ಉಳಿದವನು. ಅವನು ಕಲ್ಲು ನುಂಗಿಕೊಂಡು, "ಅನ್ನ ಚೆನ್ನಾಗೈತೆ ಅತ್ತಿಗೆಮ್ಮ" ಅಂದ. ಅವನಿಗೆ ಅತ್ತಿಗೆ ಅಂದರೆ ತಾಯಿ. ನನಗೆ ಒಂದು ದಿನ 'ನೀನು' ಅಂದವನಲ್ಲ. ದನಿ ಮಾತ್ರ ಅಣ್ಣನದೇ. ಒಳಕೋಣೆಯಿಂದ ಕೂಗಿದರೆ ಹೆತ್ತ ತಾಯಿಗೇ ಯಾವ ಮಗ ಅಂತ ತಿಳಿಯುತ್ತಿರಲಿಲ್ಲವಂತೆ.

ಮಾರನೆಯ ದಿನ ಗುಬ್ಬಿಯ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು. "ನೀನೂ ಬಾರ್ಲಾ" ಅಂದರು ಯಜಮಾನರು. ಚನ್ನವೀರಯ್ಯ ಬಾಗಿಲು ದಾಟಿ ಆಗಿತ್ತು.

"ಆಪರೇಷನ್ ಅಂದ್ರೆ ನಾ ಬರಕಿಲ್ಲ! ಎಮರ್ಜೆನ್ಸಿ ಟೈಮಲ್ಲಿ ಹಿಂಗೇ ಜೀಪು ಹತ್ತಿಸ್ಕೊಂಡು ಹೋದ್ರು. ಕಣ್ಣು ಅಂತ ಕರೆದು ಇನ್ನೆಲ್ಲಿ ಕುಯ್ತಾರೋ!"

"ಮದ್ವೇನೇ ಆಗ್ದೋನ್ಗೆ ಯಾರ್ಲಾ ಕುಯ್ತಾರೆ?"

ಆ ಮನೆಯಲ್ಲಿ ಮೂವರೂ ಸೇರಿ ನಕ್ಕದ್ದು ಅದೇ ಕಡೆಯ ಸಲ.

ಬಲಗಣ್ಣಿಗೆ ಆಪರೇಷನ್ ಆಯಿತು. ಅಲುಗಾಡಬಾರದೆಂದು ಎರಡು ಕಣ್ಣನ್ನೂ ಕಟ್ಟಿ, ತಲೆಯ ಎರಡು ಕಡೆ ಮರಳಿನ ಚೀಲ ಇಟ್ಟು, ಕ್ಲಾಸ್‌ರೂಮಿನಲ್ಲಿ ಸಾಲಾಗಿ ಮಲಗಿಸಿದರು. ಸೀಮೆಸುಣ್ಣದ ವಾಸನೆ. ಸುತ್ತ ಕಣ್ಣು ಕಟ್ಟಿದವರ ಉಸಿರು.

"ಕೆಮ್ಮಬಾರ್ದು, ಸೀನಬಾರ್ದು, ನಗಬಾರ್ದು" ಅಂದರು ಡಾಕ್ಟರು. "ಅಳ್ಲೇಬಾರ್ದು. ಬಿಕ್ಕಿಬಿಕ್ಕಿ ಅತ್ರೆ ಹೊಲಿಗೆ ಬಿಚ್ಕೊಳ್ಳುತ್ತೆ. ಕಣ್ಣು ಹೋದ್ರೆ ಮತ್ತೆ ಬರಲ್ಲಮ್ಮ."

"ನಾನ್ಯಾಕೆ ಅಳ್ಲಿ ಸ್ವಾಮಿ? ಅಳೋವಂಥದ್ದು ಏನಾಗೈತೆ?"

ಸಂಜೆ ಯಜಮಾನರು ಹೊರಟರು. ನಮ್ಮ ಎಮ್ಮೆ ಅವರ ಕೈಗೆ ಬಿಟ್ಟು ಇನ್ನೊಬ್ಬರಿಗೆ ಹಾಲು ಕೊಡುತ್ತಿರಲಿಲ್ಲ.

"ಲೇ, ಎಮ್ಮೆ ಕರೆದಿಟ್ಟು ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ. ಅಲ್ಲಾಡ್ಬೇಡ. ಸತ್ತೋರಂಗೆ ಬಿದ್ಕೊಂಡಿರು."

ಮಾರನೆಯ ದಿನ ಹೊತ್ತು ಏರಿದ ಮೇಲೆ ಹೆಜ್ಜೆ ಕೇಳಿಸಿತು. ಒಂದು ಕಾಲು ಎಳೆಯುವ ಹೆಜ್ಜೆ, ನಮ್ಮವರದು. ಅವರ ಶಾಲಿನ ನಶ್ಯದ ವಾಸನೆ. ರೂಮಿನಲ್ಲಿ ನರಳುತ್ತಿದ್ದವರು ನರಳುವುದು ನಿಲ್ಲಿಸಿದರು.

"ಇಷ್ಟೊತ್ತಾ? ಎಮ್ಮೆ ಹಾಲು ಕೊಡ್ತಾ?"

"ಕೊಡ್ಲಿಲ್ಲ."

"ನಿಮ್ಗೇ ಕೊಡ್ಲಿಲ್ವಾ?"

ಚಮಚ ನನ್ನ ತುಟಿಗೆ ತಾಗಿತು.

"ಗಂಜಿ ತಗಳಿ."

ತಗಳಿ! ನನಗೆ! ಗಂಜಿ ನೆತ್ತಿಗೇರಿ ಕೆಮ್ಮು ಬಂದು ಕಣ್ಣು ಹೋಗುವುದರಲ್ಲಿತ್ತು. ಪಕ್ಕದ ಚಾಪೆಯಲ್ಲಿ ಕೊತ್ತಗೆರೆಯ ಸಿದ್ದಗಂಗಮ್ಮ ಅಂತ ಇದ್ದಳು, ನನ್ನ ಹಾಗೇ ಕಣ್ಣು ಕಟ್ಟಿಸಿಕೊಂಡವಳು. ಅವಳ ಮುಂದೆ ಜಂಬ ಕೊಚ್ಚಿದೆ.

"ಕೇಳಿದ್ಯಾ ಸಿದ್ದಗಂಗಮ್ಮ? ಆಪರೇಷನ್ ಆಗಿದ್ದು ನನ್ನ ಕಣ್ಣಿಗೆ, ಗುಣ ಆಗಿದ್ದು ನಮ್ಮೋರ ನಾಲ್ಗೆ!"

ಅವಳು ನಗಲಿಲ್ಲ. ಯಾರೂ ನಗಲಿಲ್ಲ.

"ಮಲೀಕಳವ್ವ" ಅಂದಳು. "ನಗಬಾರ್ದಂತೆ."

ಹೀಗೇ ದಿನಾ. ಬರುತ್ತಿದ್ದರು, ಗಂಜಿ ಕುಡಿಸುತ್ತಿದ್ದರು, ಹೋಗುತ್ತಿದ್ದರು. ತಗಳಿ, ಮಲೀಕಳಿ, ಬತ್ತೀನಿ. ರಾಣಿಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು. ಮೊದಲು ಹಿಗ್ಗಿದೆ. ಆಮೇಲೆ ಕಿವಿ ಕೊಟ್ಟು ಕೇಳತೊಡಗಿದೆ. ಕಣ್ಣು ಕಟ್ಟಿದವರಿಗೆ ಕಿವಿಯೇ ಅಲ್ಲವೇ ಎಲ್ಲ?

ಅವರು ಎಳೆಯುತ್ತಿದ್ದದ್ದು ಎಡಗಾಲು. ಈಗ ಬರುತ್ತಿದ್ದ ಇದು ಒಂದು ದಿನ ಎಡಗಾಲು ಎಳೆಯಿತು. ಇನ್ನೊಂದು ದಿನ ಬಲಗಾಲು.

ಶಾಲಿನಲ್ಲಿ ನಶ್ಯದ ಘಾಟು ಇತ್ತು, ಒಂದು ಸೀನಿಲ್ಲ. ನಮ್ಮವರಾದರೆ ಚಾಪೆಯ ಮೇಲೇ ಕೂರುತ್ತಿದ್ದರು, ಜಾಗ ಸಾಲದೆ ನನ್ನನ್ನೇ ತಳ್ಳುತ್ತಿದ್ದರು. ಇದು ದೂರ ಕೂರುತ್ತಿತ್ತು. ಬಂದ ತಕ್ಷಣ ರೂಮು ಪೂರ್ತಿ ಉಸಿರು ಹಿಡಿಯುತ್ತಿತ್ತು.

ಪರೀಕ್ಷೆ ಮಾಡಿದೆ.

"ತೋಳು ಕಡೀತೈತೆ. ಒಸಿ ಕೆರೀರಿ."

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಣ್ಣಗೆ, ಚೂಪಾಗಿ, ಬೆರಳಲ್ಲದ ಏನೋ ಒಂದು ನನ್ನ ತೋಳಿನ ಮೇಲೆ ಹರಿದಾಡಿತು. ಕಿರುಚುವುದಕ್ಕೂ ಅಪ್ಪಣೆಯಿಲ್ಲ! ಕೈ ಹಾಕಿ ಹಿಡಿದು ನೋಡಿದೆ. ಛತ್ರಿಯ ತುದಿ.

ಡಾಕ್ಟರು ಪಟ್ಟಿ ಬದಲಿಸುವಾಗ ಕಣ್ಣು ಬಿಟ್ಟು ನೋಡಿದೆ. ನೀರಿನೊಳಗಿಂದ ನೋಡಿದ ಹಾಗೆ ಒಂದು ಆಕಾರ. ಅದೇ ಎತ್ತರ, ಅದೇ ಶಾಲು. ಮುಖ ಇರಬೇಕಾದ ಕಡೆ ಮಾತ್ರ ಏನೂ ಇಲ್ಲ. ನನಗೆ ಗಂಜಿ ಕುಡಿಸುತ್ತಿರುವುದು ಯಾರು? ಯಾವುದು?

ಪಟ್ಟಿ ಕಟ್ಟಿ ಡಾಕ್ಟರು ಹೋದ ಮೇಲೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ನೋಡಿ, ಮರ್ಯಾದೆ ಸಾಕು. ನಂಗೆ ಭಯ ಆಯ್ತೈತೆ. ಒಂದ್ಸಲ 'ಲೇ' ಅನ್ನಿ."

ಇನ್ನೊಂದು ಚಮಚ ಗಂಜಿ ತುಟಿಗೆ ಬಂತು.

"ಅನ್ನೀ ಅಂದ್ರೆ! ಒಂದೇ ಸಲ!"

ಉಸಿರು ಎಳೆದುಕೊಂಡ ಸದ್ದು. ಚಮಚ ಬಟ್ಟಲಿಗೆ ಬಿದ್ದ ಸದ್ದು.

"ಲೇ..." ಅಂತು ನಮ್ಮವರ ದನಿ. "ಲೇ... ಅತ್ತಿಗೆಮ್ಮ."

ಎದೆಯಿಂದ ಏನೋ ಮೇಲಕ್ಕೆ ಬಂತು. ಅಷ್ಟರಲ್ಲಿ ಪಕ್ಕದಿಂದ ಸಿದ್ದಗಂಗಮ್ಮನ ಕೈ ತಡಕಾಡಿ ನನ್ನ ಮಣಿಕಟ್ಟು ಹಿಡಿಯಿತು.

"ಅಳ್ಬೇಡ ಕಣವ್ವ! ಕಣ್ಣು ಹೋಯ್ತದೆ!"

ಆ ಕಡೆ ಗೋಡೆಯಿಂದ ಇನ್ನೊಂದು ದನಿ. "ಅಳ್ಬೇಡ ತಾಯಿ." ಬಾಗಿಲ ಹತ್ತಿರದಿಂದ ಮತ್ತೊಂದು. ಯಾರ ಮುಖವನ್ನೂ ಯಾರೂ ಕಾಣದ ಆ ರೂಮಿನಲ್ಲಿ, ಮಲಗಿದ್ದವರೆಲ್ಲ ಮಲಗಿದ್ದಲ್ಲಿಂದಲೇ ಪಿಸುಗುಟ್ಟಿದರು: ಅಳ್ಬೇಡ, ಅಳ್ಬೇಡ, ಅಳ್ಬೇಡ. ಅಷ್ಟೂ ಜನಕ್ಕೆ ಗೊತ್ತಿತ್ತು; ನಾನು ನಿದ್ದೆಯಲ್ಲಿದ್ದಾಗ ಡಾಕ್ಟರು ಹೇಳಿಟ್ಟಿದ್ದರಂತೆ. ನಾನು ಗಂಡನ ಜಂಬ ಕೊಚ್ಚಿದ್ದನ್ನು ಅಷ್ಟೂ ಜನ ಕೇಳಿಸಿಕೊಂಡು ಸುಮ್ಮನಿದ್ದರು.

"ಯಾವತ್ತು?" ಅಂದೆ.

"ನಿಮ್ನ ಬುಟ್ಟು ಬಂದ ಸಂಜೇನೆ ಅತ್ತಿಗೆಮ್ಮ. ಎಮ್ಮೆ ಕರೀತಾ ಕರೀತಾ ಅಣ್ಣ ಹಂಗೇ ವಾಲ್ಕೊಂಡ."

"ಮಣ್ಣು?"

"ಮಾಡ್ಬುಟ್ವಿ. ನಿಮ್ನ ಕಳಿಸಕಿಲ್ಲ ಅಂದ್ರು ಡಾಕ್ಟ್ರು. ಗೊತ್ತಾದ್ರೆ ನೀವು ಅಳ್ತೀರಿ, ಕಣ್ಣೂ ಹೋಯ್ತದೆ... ನಂಗೇನೂ ತೋಚ್ನಿಲ್ಲ. ಅವ್ನ ಶಾಲು ಮುಖ ಮುಚ್ಚೋ ಹಂಗೆ ಹೊದ್ಕಂಡು ಬಂದೆ."

ಆಪರೇಷನ್ ಅಂದರೆ ಬಾಗಿಲು ದಾಟಿ ಓಡುವವನು ದಿನಾ ಬಸ್ಸು ಹತ್ತಿ ಅಲ್ಲಿಗೇ ಬಂದಿದ್ದ. ಎಲ್ಲ ನಟಿಸಿದ. 'ಲೇ' ಒಂದನ್ನು ಮಾತ್ರ ನಟಿಸಲಾಗಲಿಲ್ಲ.

ನಾನು ಅಳಲಿಲ್ಲ. ಗಂಡನ ಮುಖ ಕಡೆಯ ಸಲ ನೋಡಲಿಲ್ಲ, ಕಣ್ಣು ಉಳಿಸಿಕೊಂಡೆ. ಕ್ಯಾಂಪು ಮುಗಿದ ದಿನ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಚಮಚ ಸೌಟಿನಷ್ಟಾಯಿತು, ಚನ್ನವೀರಯ್ಯ ಬಾಗಿಲಷ್ಟಾದ. ಆಮೇಲೊಂದು ದಿನ ತೋರಿಸಲು ಹೋದಾಗ ಡಾಕ್ಟರು, "ಹೊಲಿಗೆ ಮಾಗಿದೆ, ಇನ್ನು ಅತ್ರೂ ಏನೂ ಆಗಲ್ಲಮ್ಮ" ಅಂದರು. ಅಳು ಏನು ಸೊಸೈಟಿ ಸಕ್ಕರೆಯೇ, ಕೊಡುವ ದಿನ ಚೀಲ ಹಿಡಿದು ಹೋಗಲು? ಮನೆಗೆ ಬಂದು ಕೂತೆ. ಬರಲಿಲ್ಲ.

ಶಪಥ ಗೆದ್ದೆ. ಹೆಸರು ಕಳೆದುಕೊಂಡೆ. ಬಾಗಿನ ಕೊಡುವ ಮನೆಯಲ್ಲಿ ಈಗ ಯಾರೂ ಸರ್ವಮಂಗಳಮ್ಮ ಅಂತ ಕೂಗುವುದಿಲ್ಲ.

ಈಗಲೂ ಬೆಳಗಾದರೆ ಹೊಸಿಲಲ್ಲಿ ಮೊರ ಇಟ್ಟುಕೊಂಡು ಕೂರುತ್ತೇನೆ. ಈ ಕನ್ನಡಕದಲ್ಲಿ ಒಂದೊಂದು ಕಲ್ಲೂ ಗುಂಡುಕಲ್ಲಿನಷ್ಟು ಕಾಣುತ್ತದೆ. ಒಂದನ್ನೂ ಬಿಡದೆ ಆರಿಸುತ್ತೇನೆ. ಆರಿಸಿ ಆದ ಮೇಲೆ ಒಂದು ಕಲ್ಲು ಹೆಕ್ಕಿ ವಾಪಸ್ಸು ಹಾಕುತ್ತೇನೆ. ಬೇಕೆಂದೇ. ಅದೇ ದನಿ ಅಲ್ಲವೇ, ಒಂದು ಸಲವಾದರೂ ಬೈಯಲಿ ಅಂತ.

ಕಟಕ್!

"ಅನ್ನ ಚೆನ್ನಾಗೈತೆ ಅತ್ತಿಗೆಮ್ಮ."

ನುಂಗುತ್ತಾನೆ ಪುಣ್ಯಾತ್ಮ! ನಾನು ನಾಳೆಗೆ ಮತ್ತೆ ಮೊರ ಒರೆಸಿಡುತ್ತೇನೆ.