ಕಾಫಿ ಕೂಜೆಯ ವೃತ್ತ

ಐವತ್ತು ದಾಟಿದ ಗಂಡಸರಿಗೆ ಅಂಟುವ ಕಾಯಿಲೆಗಳಲ್ಲಿ ಮೋಟರ್ ಸೈಕಲ್ಲೂ ಒಂದು. ಸಕ್ಕರೆಗೂ ರಕ್ತದೊತ್ತಡಕ್ಕೂ ಮಾತ್ರೆಗಳಿವೆ, ಇದಕ್ಕಿಲ್ಲ. ನನಗೆ ಇದನ್ನು ಅಂಟಿಸಿದವರು ಹಮೀದಾಕ. ಮಂಗಳೂರು ಕಡೆಯ ಬ್ಯಾರಿ, ಅಬುಧಾಬಿಯ ಹೊರವಲಯದಲ್ಲಿ ಟಯರ್ ಅಂಗಡಿ ಇಟ್ಟವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಆದರೆ ಚಳಿಗಾಲ ಬಂತೆಂದರೆ ಶನಿವಾರ ಬೆಳಿಗ್ಗೆ ಅವರನ್ನು ಮನೆಯಲ್ಲಿ ಹಿಡಿಯುವುದು ಸಾಧ್ಯವೇ ಇಲ್ಲ. “ಭಟ್ರೇ, ನೀವು ಏಸಿಯೊಳಗೆ ಕೂತು ಕೂತು ಫ್ರಿಜ್ಜಿನ ಬೆಂಡೆಕಾಯಿ ಹಾಗೆ ಆಗಿದ್ದೀರಿ. ಒಂದು ಬೈಕ್ ತೆಗೊಳ್ಳಿ ಮಾರಾಯ್ರೇ” ಎಂದು ವರ್ಷಗಟ್ಟಲೆ ಹೇಳಿ, ಕೊನೆಗೆ ಅವರೇ ಯಾರೋ ಊರಿಗೆ ಹೊರಟವರ ಬೈಕನ್ನು ನನ್ನ ತಲೆಗೆ ಕಟ್ಟಿದರು. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲಾಟಿನ ಕೆಳಗೆ ಅದನ್ನು ತಂದು ನಿಲ್ಲಿಸಿದಾಗ ಹೆಂಡತಿ ಸುಮನಾ ಬೈಯಲಿಲ್ಲ. “ಇಲ್ಲಿ ಕಾರಿಗೇ ಪಾರ್ಕಿಂಗ್ ಸಿಗುವುದಿಲ್ಲ. ಇದನ್ನೆಂತ ಬಾಲ್ಕನಿಯಲ್ಲಿ ಕಟ್ಟುತ್ತೀರಾ?” ಎಂದು ಕೇಳಿ, ಒಮ್ಮೆ ಅದರ ಸೀಟನ್ನೂ ಒಮ್ಮೆ ನನ್ನ ಹೊಟ್ಟೆಯನ್ನೂ ನೋಡಿ, ತಾನು ಜನ್ಮದಲ್ಲಿ ಇದರ ಹಿಂದೆ ಕೂರುವುದಿಲ್ಲವೆಂದು ಹೇಳಿ ಲಿಫ್ಟ್ ಹತ್ತಿದಳು.

ಹಾಗಾಗಿ ಹಿಂದಿನ ಸೀಟು ಖಾಲಿಯೇ ಇಟ್ಟು ನಾನು ಹಮೀದಾಕನ ಜತೆ ಹೋಗುತ್ತಿದ್ದೆ. ಮದೀನತ್ ಜಾಯೆದ್ ಪಟ್ಟಣ ದಾಟಿ ಮರಳುಗಾಡಿನೊಳಗೆ ಹೋದರೆ ಹಮೀದಾಕನ ಗಿರಾಕಿಯೊಬ್ಬರ ಒಂಟೆ ಫಾರ್ಮ್ ಇದೆ. ಅದರ ಪಕ್ಕದಲ್ಲಿ ನಾಲ್ಕಾರು ಡೇರೆ, ಒಂದು ಒಲೆ, ಒಂದು ನೀರಿನ ಟ್ಯಾಂಕ್. ಇದೇ ನಮ್ಮ ಕ್ಯಾಂಪು. ಅಲ್ಲಿಂದ ಸುತ್ತಮುತ್ತ ಬೈಕಿನಲ್ಲಿ ಅಲೆದರೆ ನೋಡಲು ಸಿಗುವ ವಸ್ತುಗಳು ಒಂದೆರಡಲ್ಲ. ಖರ್ಜೂರದ ಮರವೆಂದು ನೆರಳಿಗೆ ಹೋಗಿ ನಿಂತರೆ ಅದು ಮರದ ವೇಷ ಹಾಕಿದ ಮೊಬೈಲ್ ಟವರ್. ಅಭ್ಯಾಸದ ಓಟಕ್ಕೆ ಹೊರಟ ಒಂಟೆಗಳ ಬೆನ್ನಿನ ಮೇಲೆ ಬಣ್ಣದ ಅಂಗಿ ತೊಟ್ಟ ಪುಟ್ಟ ಯಂತ್ರಗಳು ಕೂತು ಚಾಟಿ ಬೀಸುತ್ತವೆ. ಪಕ್ಕದಲ್ಲಿ ಯಜಮಾನರು ಕಾರಿನಲ್ಲಿ ಕೂತು ಆ ಯಂತ್ರಕ್ಕೂ ಒಂಟೆಗೂ ಒಟ್ಟಿಗೇ ಬೈಯುತ್ತಾರೆ. ಪಿಕಪ್ಪಿನ ಹಿಂದೆ ಕಾಲು ಮಡಚಿ ಕೂತ ಒಂಟೆ ಟ್ರಾಫಿಕ್ಕನ್ನು ಎಷ್ಟು ತಾತ್ಸಾರದಿಂದ ನೋಡುತ್ತದೆಂದರೆ, ನಮ್ಮ ಆಫೀಸಿನ ಮ್ಯಾನೇಜರನಿಗೂ ಆ ಮುಖ ಮಾಡಲು ಬರುವುದಿಲ್ಲ. ಮನುಷ್ಯರೇ ಇಲ್ಲದ ಕಡೆ ಒಂದು ಗೋಡೆ, ಗೋಡೆಗೆ ತಾಗಿ ತಣ್ಣೀರಿನ ಕೂಲರ್, ಯಾರು ಬೇಕಾದರೂ ಕುಡಿಯಿರಿ ಎಂದು ಇಟ್ಟದ್ದು. ಇದನ್ನೆಲ್ಲ ಮೀರಿಸುವುದು ಕ್ಯಾಂಪಿನ ದಾರಿಯಲ್ಲೇ ಸಿಗುವ ಒಂದು ರೌಂಡ್ ಅಬೌಟ್. ಅದರ ನಡುವೆ ಎರಡಂತಸ್ತಿನ ಎತ್ತರಕ್ಕೆ ಒಂದು ಅರಬ್ಬೀ ಕಾಫಿ ಕೂಜೆ, ಕೊಕ್ಕಿನಂಥ ಮೂತಿ ಚಾಚಿಕೊಂಡು ನಿಂತಿದೆ. ಅದರಲ್ಲಿ ಕಾಫಿ ಮಾಡಿದರೆ ಉಡುಪಿ ಪೇಟೆಗೆಲ್ಲ ಹಂಚಬಹುದು ಎಂದು ನಾನು ಪ್ರತಿಸಲ ಹೇಳುತ್ತಿದ್ದೆ, ಹಮೀದಾಕ ಪ್ರತಿಸಲ ನಗುತ್ತಿದ್ದರು. ಒಳ್ಳೆಯ ಸ್ನೇಹಿತರು ಹೀಗಿರಬೇಕು.

ಇಷ್ಟರಲ್ಲಿ ಅತ್ತೆ ಬಂದರು. ಸುಮನಾಳ ಅಪ್ಪ ತೀರಿಹೋಗಿ, ವರ್ಷಾಂತಿಕ ಮುಗಿದ ಮೇಲೆ, ಅವಳೇ ವಿಸಿಟ್ ವೀಸಾ ಮಾಡಿಸಿ ತಾಯಿಯನ್ನು ಕರೆಸಿಕೊಂಡಳು. ಅತ್ತೆ ಮೊದಲಿನಿಂದಲೂ ಮಾತುಗಾರ್ತಿ. ಗಂಡನ ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು, ದಾರಿಯುದ್ದಕ್ಕೂ ಗಂಡನ ಕಿವಿಯಲ್ಲಿ ಊರಿನ ವರದಿ ಒಪ್ಪಿಸುತ್ತ ಹೋಗುತ್ತಿದ್ದವರು. ಮಾವನಿಗೆ ದಿನಕ್ಕೆ ಎಷ್ಟು ಕಾಫಿ ಮಾಡಿಕೊಟ್ಟರೂ ಮುಗಿಯುತ್ತಿರಲಿಲ್ಲ. ಅವರು ಕಾಫಿ ಕುಡಿಯುವುದು, ಇವರು ಅದರ ಬಗ್ಗೆ ಗೊಣಗುವುದು, ಇದೇ ಆ ಮನೆಯ ಸುಪ್ರಭಾತ. ಈಗ ಬಂದ ಅತ್ತೆ ಬೇರೆಯವರು. ಊಟಕ್ಕೆ ಬನ್ನಿ ಎಂದರೆ “ಆಯ್ತು”, ಮಲಗಿ ಎಂದರೆ “ಆಯ್ತು”. ಕಾಫಿ ಬಿಟ್ಟಿದ್ದರು. ಗಂಡ ಹೋದ ದಿನದಿಂದ ಅವರ ಕಣ್ಣಲ್ಲಿ ಒಂದು ಹನಿ ನೀರು ಬಂದಿಲ್ಲವಂತೆ. “ಅಮ್ಮ ಒಮ್ಮೆ ಅತ್ತುಬಿಟ್ಟರೆ ಸಾಕಿತ್ತು ಇವರೇ. ಹೀಗೇ ಊರಿಗೆ ಕಳಿಸಲಿಕ್ಕೆ ನನಗೆ ಹೆದರಿಕೆ ಆಗ್ತದೆ” ಎಂದು ಸುಮನಾ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. ವೀಸಾದ ಗಡುವು ಹತ್ತಿರವಾಗುತ್ತಿತ್ತು.

ನನ್ನ ಕೆಲಸ ಏಸಿ ರಿಪೇರಿ ಕಂಪನಿಯೊಂದರಲ್ಲಿ ಜನರ ದೂರು ಕೇಳುವುದು. ಬೇಸಿಗೆಯಲ್ಲಿ ಏಸಿ ಕೆಟ್ಟವನ ಸಿಟ್ಟನ್ನು ಫೋನಿನಲ್ಲೇ ತಣಿಸಬಲ್ಲೆ. “ಇಗೋ, ಟೆಕ್ನಿಷಿಯನ್ ಹೊರಟಾಯಿತು ಸರ್” ಎಂಬ ಮಾತನ್ನು ಟೆಕ್ನಿಷಿಯನ್ ಹಾಸಿಗೆಯಿಂದ ಏಳುವ ಮೊದಲೇ ಇಷ್ಟು ನಂಬಿಕೆ ಬರುವ ಹಾಗೆ ಹೇಳುವವನು ನಮ್ಮಲ್ಲಿ ಇನ್ನೊಬ್ಬನಿಲ್ಲ. ಆದರೆ ದೂರೇ ಇಲ್ಲದವರನ್ನು ಏನು ಮಾಡಬೇಕೆಂದು ನನಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಅತ್ತೆಯನ್ನು ದುಬೈಗೆ ಕರೆದುಕೊಂಡು ಹೋಗಿ ಮುಗಿಲು ಮುಟ್ಟುವ ಕಟ್ಟಡ ತೋರಿಸಿದೆ. ಕತ್ತೆತ್ತಿ ನೋಡಿ “ಆಯ್ತು” ಎಂದರು. ಮಾಲಿನೊಳಗೆ ಗಾಜಿನ ಹಿಂದೆ ಈಜುವ ಶಾರ್ಕ್ ತೋರಿಸಿದೆ. ಶಾರ್ಕಿಗೂ ಅವರಿಗೂ ಪರಸ್ಪರ ಆಸಕ್ತಿ ಹುಟ್ಟಲಿಲ್ಲ. ಕೊನೆಗೆ ಹಮೀದಾಕ, “ಮರಳಿಗೆ ಕರ್ಕೊಂಡು ಬನ್ನಿ ಭಟ್ರೇ. ಅಲ್ಲಿ ಏನೂ ಇಲ್ಲ. ಏನೂ ಇಲ್ಲದ ಜಾಗ ಕೆಲವರಿಗೆ ಒಳ್ಳೇದು” ಎಂದರು. ಸುಮನಾ ತಾಯಿಯನ್ನು ಕಾರಿನಲ್ಲಿ ಕರೆತಂದಳು, ನಾನು ಹಿಂದಿನಿಂದ ಬೈಕಿನಲ್ಲಿ ಕ್ಯಾಂಪಿಗೆ ಬಂದೆ.

ಸಂಜೆ ನಾನು ಹೆಲ್ಮೆಟ್ ಒರೆಸುತ್ತಿದ್ದಾಗ ಅತ್ತೆ ಹತ್ತಿರ ಬಂದು ಬೈಕಿನ ಹಿಂದಿನ ಸೀಟನ್ನು ಕೈಯಿಂದ ಸವರಿದರು. “ಕೂತುಕೊಳ್ಳಬಹುದಾ?” ಎಂದರು. ಅದು ಆ ತಿಂಗಳಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ. ಸುಮನಾ ಬೇಡ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅತ್ತೆ ಅಭ್ಯಾಸದಂತೆ ಒಂದೇ ಬದಿಗೆ ಕಾಲು ಹಾಕಿ ಏರಹೊರಟರು. ಹಮೀದಾಕ ಓಡಿಬಂದು, “ಅಯ್ಯೋ ಅಮ್ಮ, ಇಲ್ಲಿ ಹಾಗೆ ಕೂತ್ರೆ ಪೊಲೀಸರು ಮುಖಾಲಫ ಹಾಕ್ತಾರೆ, ದಂಡ” ಎಂದು ತಡೆದರು. ಕೊನೆಗೆ ಮಗಳ ಚೂಡಿದಾರ ತೊಟ್ಟು, ಹಮೀದಾಕನ ಹೆಲ್ಮೆಟ್ ಹಾಕಿ, ಜೀವಮಾನದಲ್ಲಿ ಮೊದಲ ಬಾರಿಗೆ ಎರಡೂ ಬದಿಗೆ ಕಾಲು ಹಾಕಿ ಕೂತರು. ನಾನು ಪೂಜೆಯ ತಟ್ಟೆ ಹಿಡಿದವನ ಹಾಗೆ ನಿಧಾನಕ್ಕೆ ಹೊರಟೆ.

ದಾರಿಯಲ್ಲಿ ನನ್ನ ಪ್ರದರ್ಶನ ಶುರುವಾಯಿತು. ಟವರಿನ ಖರ್ಜೂರ ಮರ ತೋರಿಸಿದೆ. ಹಿಂದಿನಿಂದ ಸದ್ದಿಲ್ಲ. ಯಂತ್ರದ ಸವಾರರನ್ನು ತೋರಿಸಿದೆ, ಸದ್ದಿಲ್ಲ. ಕಾಫಿ ಕೂಜೆಯ ವೃತ್ತ ಬಂತು, ಸುತ್ತಿ ಆಚೆ ದಾಟಿದೆ. ಉಡುಪಿ ಪೇಟೆಗೆಲ್ಲ ಹಂಚುವ ಮಾತನ್ನು ತೆಗೆಯಬೇಕು ಅನ್ನುವಷ್ಟರಲ್ಲಿ ಬೆನ್ನ ಮೇಲೆ ತಟ್ಟಿದರು. ನಿಲ್ಲಿಸಿದೆ.

“ಇದೆಂತದ್ದು? ನೀವು ಕೂಜೆಯನ್ನು ಎಡಕ್ಕೆ ಬಿಟ್ಟು ಸುತ್ತಿದಿರಲ್ಲ?”

“ಇಲ್ಲಿ ಹಾಗೇ ಅತ್ತೆ. ರಸ್ತೆಯ ಬಲಬದಿಗೆ ಹೋಗುವುದು. ನಮ್ಮಲ್ಲಿಯ ಹಾಗಲ್ಲ.”

“ಹಾಗಾದ್ರೆ ಇದು ಅಪ್ರದಕ್ಷಿಣೆ ಆಯ್ತು” ಎಂದರು ಅತ್ತೆ.

ದೇವರನ್ನು ಬಲಕ್ಕಿಟ್ಟು ಸುತ್ತುವುದು, ಚಿತೆಯನ್ನು ಮಾತ್ರ ಎಡಕ್ಕಿಟ್ಟು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇಷ್ಟು ವರ್ಷ ಈ ದೇಶದಲ್ಲಿ ಸಾವಿರಾರು ವೃತ್ತಗಳನ್ನು ಸುತ್ತಿದ್ದೇನೆ. ತಲೆಗೆ ಹೊಳೆದದ್ದು ಆಗಲೇ. ದುಃಖದಲ್ಲಿರುವ ಹೆಂಗಸನ್ನು ಕರೆತಂದು ಅಶುಭದ ಸುತ್ತು ಹಾಕಿಸಿದೆನಲ್ಲ ಎಂದು ಪೇಚಾಡಿಕೊಂಡು, ಮರಳುವಾಗ ಆ ವೃತ್ತವನ್ನೇ ತಪ್ಪಿಸಬೇಕೆಂದು ಪಕ್ಕದ ಮಣ್ಣುದಾರಿಗೆ ಇಳಿಸಿದೆ. ಟ್ರಾಫಿಕ್ಕಿಗೆ ಹೆದರಿ ಅಡ್ಡದಾರಿ ಹಿಡಿಯುವವರನ್ನು ನೋಡಿದ್ದೆ. ಶಾಸ್ತ್ರಕ್ಕೆ ಹೆದರಿ ಅಡ್ಡದಾರಿ ಹಿಡಿದವನು ಅರಬಸ್ಥಾನದಲ್ಲಿ ನಾನೊಬ್ಬನೇ ಇರಬೇಕು. ಬೈಕು ಸ್ವಲ್ಪ ದೂರ ಹೋಗಿ ಮರಳಿನಲ್ಲಿ ಹೂತು ನಿಂತಿತು. ಒತ್ತಿದಷ್ಟೂ ಚಕ್ರ ಇನ್ನಷ್ಟು ಆಳಕ್ಕೆ ಇಳಿಯಿತು. ಅತ್ತೆ ಇಳಿದು, ಹೆಲ್ಮೆಟ್ ತೆಗೆದು, ದೂರದ ಕೂಜೆಯನ್ನೇ ನೋಡುತ್ತ ನಿಂತರು.

“ನೀವು ಹೋಗಿದ್ದಿರಲ್ಲ ಸ್ಮಶಾನಕ್ಕೆ” ಎಂದರು. “ಹೀಗೇ ಸುತ್ತಿದ್ದಾ?”

“ಹೌದು ಅತ್ತೆ. ಹೀಗೇ. ಮೂರು ಸುತ್ತು.”

“ನನ್ನನ್ನು ಮನೆಯ ಗೇಟಿನವರೆಗೆ ಮಾತ್ರ ಬಿಟ್ಟದ್ದು. ಹೆಂಗಸರು ಹೋಗುವ ಕ್ರಮ ಇಲ್ಲ ಅಂದ್ರು. ನಾನೂ ಆಯ್ತು ಅಂದೆ.” ಆಮೇಲೆ ಯಾರಿಗೋ ದೂರು ಕೊಡುವ ದನಿಯಲ್ಲಿ ಹೇಳಿದರು: “ಪೋಸ್ಟಾಫೀಸಿಗೆ ಹೋಗುವಾಗಲೂ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗ್ತಿದ್ರು. ಅಲ್ಲಿಗೆ ಮಾತ್ರ ಅವರೊಬ್ಬರನ್ನೇ ಕಳಿಸಿದ್ದು.”

ಫೋನಿನಲ್ಲಿ ಸಾವಿರ ಜನರಿಗೆ ಸಮಾಧಾನ ಹೇಳಿದವನು ಬಗ್ಗಿ ಚಕ್ರದ ಸುತ್ತ ಮರಳು ತೋಡತೊಡಗಿದೆ. ಅತ್ತೆಯೂ ಚೂಡಿದಾರ ಮೇಲಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕಿದರು. ಬೈಕು ದಾರಿಗೆ ಬಂದಾಗ ತಾವೇ ಹೆಲ್ಮೆಟ್ ಹಾಕಿಕೊಂಡು, “ಅಲ್ಲಿಗೇ ಹೋಗುವಾ. ಮೂರು ಸುತ್ತು ಹಾಕಿ” ಎಂದರು.

ಹಾಕಿದೆ. ಮೊದಲ ಸುತ್ತಿಗೆ ಅವರ ಹೆಲ್ಮೆಟ್ ನನ್ನ ಬೆನ್ನಿಗೆ ತಾಗಿತು. ಎರಡನೆಯ ಸುತ್ತಿಗೆ ಅವರ ಮೈ ಅದುರುವುದು ನನ್ನ ಬೆನ್ನಿಗೆ ತಿಳಿಯಿತು. ವೃತ್ತಕ್ಕೆ ನುಗ್ಗಲು ಕಾಯುತ್ತಿದ್ದ ಪಿಕಪ್ಪಿನ ಪಠಾಣ ಕಿಟಕಿಯಿಂದ ತಲೆ ಹೊರಹಾಕಿ, “ರಾಸ್ತಾ ಭೂಲ್ ಗಯೇ ಕ್ಯಾ ಭಾಯ್?” ಎಂದು ಕೂಗಿ, ಲಿವಾ ಊರು ಆ ಕಡೆ ಎಂದು ಕೈತೋರಿದ. ಅವನ ಪಿಕಪ್ಪಿನ ಹಿಂದೆ ಕೂತ ಒಂಟೆಯೂ ನಮ್ಮನ್ನು ನೋಡಿತು, ಆದರೆ ಈ ಸಲ ಅದರ ಮುಖದಲ್ಲಿ ತಾತ್ಸಾರ ಕಾಣಲಿಲ್ಲ. ನನಗೇ ಹಾಗೆ ಅನಿಸಿದ್ದಿರಬಹುದು. ಮೂರನೆಯ ಸುತ್ತಿಗೆ ಅತ್ತೆ ದನಿ ತೆಗೆದು ಅಳುತ್ತಿದ್ದರು. ನನ್ನ ಕಣ್ಣೂ ಮಂಜಾಗಿತ್ತು. ಚಿತೆಯ ಹತ್ತಿರ ನಾನು ಅತ್ತಿರಲಿಲ್ಲ, ಕಾಫಿ ಕೂಜೆಯ ಹತ್ತಿರ ಅತ್ತುಬಿಟ್ಟೆ.

ಪೆಟ್ರೋಲ್ ಪಂಪಿನ ಪಕ್ಕದ ಕೆಫೆಟೇರಿಯಾದಲ್ಲಿ ಅತ್ತೆ ಮುಖ ತೊಳೆದು, “ಕಾಫಿ ಉಂಟಾ ಕೇಳಿ” ಎಂದರು. ಅಷ್ಟು ದೊಡ್ಡ ಕೂಜೆ ನಿಲ್ಲಿಸಿದ ಊರಿನಲ್ಲಿ ಸಿಕ್ಕಿದ್ದು ಕಡಕ್ ಚಹಾ ಮಾತ್ರ. ಒಂದು ಗುಟುಕು ಕುಡಿದು, “ಇಷ್ಟು ಸಕ್ಕರೆಯಾ! ಅವರಾಗಿದ್ದರೆ ಲೋಟವನ್ನೇ ಆಚೆ ಇಡ್ತಿದ್ರು” ಎಂದರು. ಅಲ್ಲಿಂದ ದೂರುಗಳು ಶುರುವಾದವು. ನನ್ನ ಬೈಕಿನ ಸೀಟು ಗಟ್ಟಿಯಂತೆ, ಸುಮನಾಳ ಸಾರಿನಲ್ಲಿ ಹುಳಿ ಹೆಚ್ಚಂತೆ, ಶಾರ್ಕ್ ನೋಡಲು ಟಿಕೆಟ್ ತೆಗೆದವನಿಗೆ ಬುದ್ಧಿ ಇಲ್ಲವಂತೆ. ವಿಮಾನ ಹತ್ತುವವರೆಗೂ ನಿಲ್ಲಲಿಲ್ಲ. ನನ್ನ ವೃತ್ತಿಜೀವನದಲ್ಲೇ ಅಷ್ಟು ಸಂತೋಷದಿಂದ ನಾನು ದೂರು ಕೇಳಿದ್ದಿಲ್ಲ.

ಅತ್ತೆ ಊರಿಗೆ ಹೋದ ಮುಂದಿನ ವಾರ ಸುಮನಾ ತಾನಾಗಿ ಹೆಲ್ಮೆಟ್ ತೊಟ್ಟು ಬೈಕಿನ ಹತ್ತಿರ ಬಂದು ನಿಂತಳು. ಜನ್ಮದ ಮಾತು ನೆನಪಿಸುವಷ್ಟು ದಡ್ಡ ನಾನಲ್ಲ. ಕೂಜೆ ದೂರದಲ್ಲಿ ಕಾಣುತ್ತಲೇ ನನ್ನ ಕಿವಿಯ ಹತ್ತಿರ ಬಗ್ಗಿ, “ನೋಡಿ, ಅಮ್ಮ ಎಲ್ಲ ಹೇಳಿದ್ದಾರೆ. ನನಗೆ ಅರ್ಧ ಸುತ್ತು ಸಾಕು. ಸೀದಾ ಹೋಗಿ” ಎಂದಳು. ನಾನು ಸೀದಾ ಹೋಗುವವನೇ. ಆದರೆ ಹೊರಗೆ ತಿರುಗಬೇಕಾದಲ್ಲಿ ಒಂದು ಲಾರಿ ಬದಿಗೆ ಬಂದು ದಾರಿ ಕೊಡಲಿಲ್ಲ, ಒಂದು ಸುತ್ತಾಯಿತು. ಗಾಬರಿಯಲ್ಲಿ ಮತ್ತೆ ತಿರುವು ತಪ್ಪಿತು, ಎರಡಾಯಿತು. ಬೆನ್ನ ಮೇಲೆ ಗುದ್ದು ಬಿತ್ತು. ಮೂರಾಗುವ ಮೊದಲೇ ಮೊದಲು ಕಂಡ ದಾರಿಗೆ ನುಗ್ಗಿಸಿದೆ. ಅದು ಯಾರದೋ ಒಂಟೆ ಫಾರ್ಮಿನ ದಾರಿ. ಬೇಲಿಯ ಹತ್ತಿರ ಮರಳಿನಲ್ಲಿ ಮುಗಿದುಹೋಯಿತು. ಬೈಕು ನಿಲ್ಲಿಸಿದೆ. ಇಬ್ಬರೂ ಇಳಿದೆವು.

“ವಾಪಸು ಹೋಗಲಿಕ್ಕೆ ಬೇರೆ ದಾರಿ ಇಲ್ಲವಾ?” ಎಂದು ಸುಮನಾ ಕೇಳಿದಳು.

“ಇಲ್ಲ. ಅದೇ ರೌಂಡ್ ಅಬೌಟ್.”

ಅವಳು ತಿರುಗಿ ಕೂಜೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನರೆತ ಮೀಸೆ, ಹೊಟ್ಟೆ, ಹೆಲ್ಮೆಟ್ಟಿನಿಂದ ಅಂಟಿದ ಕೂದಲು, ಎಲ್ಲವನ್ನೂ ಸಾವಕಾಶವಾಗಿ. ಬ್ಯಾಗಿನಿಂದ ಫ್ಲಾಸ್ಕ್ ತೆಗೆದು ಬೇಲಿಯ ನೆರಳಿನಲ್ಲಿ ಕೂತಳು.

“ಹಾಗಾದ್ರೆ ಅವಸರ ಇಲ್ಲ. ಕೂತುಕೊಳ್ಳಿ, ಕಾಫಿ ಕುಡಿಯುವಾ” ಎಂದಳು.

ನಾನು ಕೂತೆ.