ಪಕ್ಕದ ಬಿಲ್ಡಿಂಗಿನ ಬೀಗರು

ಮಲಾಡಿನಿಂದ ಬೊರಿವಲಿವರೆಗೆ ದಿನಕ್ಕೊಂದು ಟವರ್ ಏಳುತ್ತದೆ. ಪ್ರತಿಯೊಂದಕ್ಕೂ ಗೇಟು, ಗೋಡೆ, ಈಜುಕೊಳ. ಒಂದರಿಂದ ಇನ್ನೊಂದಕ್ಕೆ ದಾರಿ ಮಾತ್ರ ಇಲ್ಲ. ಹಾಗಾಗಿ ಕಾಂದಿವಲಿಯ ನಮ್ಮಂಥವರಿಗೆ ತಮಾಷೆಗೇನೂ ಬರವಿಲ್ಲ.

೧. ಹತ್ತಿರದ ಸಂಬಂಧ

ಮಗಳನ್ನು ಪಕ್ಕದ ಬಿಲ್ಡಿಂಗಿಗೇ ಕೊಟ್ಟೆವು. ಹೆಂಡತಿಯ ಮಂಡಿನೋವಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗಬೇಕು? ನಡುವಿನ ಗಲ್ಲಿ ದಾಟಿದರೆ ಬೀಗರ ಮನೆ. ಮದುವೆಯ ಹೋಳಿಗೆ ಮುಗಿಯುವ ಮೊದಲೇ ಅವರ ಬಿಲ್ಡಿಂಗಿನ ಸೊಸೈಟಿಯವರು ‘ಸೆಕ್ಯುರಿಟಿ’ ಎಂದು ಗಲ್ಲಿಗೆ ಗೋಡೆ ಎಬ್ಬಿಸಿದರು. ಈಗ ಹೈವೇಗೆ ಹೋಗಿ, ಫ್ಲೈಓವರ್ ಕೆಳಗೆ ಯು-ಟರ್ನ್ ಹೊಡೆದು, ಅವರ ಹಿಂದಿನ ಗೇಟಿಗೆ ಬರಬೇಕು.

ರಿಕ್ಷಾದವನಿಗೆ ಬಿಲ್ಡಿಂಗ್ ತೋರಿಸಿದರೆ, “ಸಾಮ್ನೇ ಹೀ ತೋ ಹೈ ಚಾಚಾ, ಪೈದಲ್ ಜಾವೋ”, ಎದುರಿಗೇ ಇದೆಯಲ್ಲ, ನಡೆದೇ ಹೋಗಿ, ಎನ್ನುತ್ತಾನೆ. ದಾರಿ ವಿವರಿಸಿದರೆ, ಅಷ್ಟು ದೂರ ಬರುವುದಿಲ್ಲ ಎನ್ನುತ್ತಾನೆ.

೨. ಕಳ್ಳನ ದಾರಿ

ಗೋಡೆಗೊಂದು ಸಣ್ಣ ಗೇಟಾದರೂ ಇಡಿ ಎಂದು ಬೇಡಲು ಬೀಗರ ಸೊಸೈಟಿಯ ಸೆಕ್ರೆಟರಿಯ ಬಳಿ ಹೋದೆವು. ಮೊನ್ನೆ ಕಳ್ಳನೊಬ್ಬ ಗೋಡೆ ಹಾರಿ ನಿಮ್ಮ ಕಡೆಗೇ ಓಡಿಹೋದ, ಗೋಡೆ ಇನ್ನೂ ಎತ್ತರಿಸುತ್ತೇವೆ ಎಂದ ಪುಣ್ಯಾತ್ಮ. ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಮಾತ್ರ ಮೆಟ್ಟಿಲಿಳಿಯುತ್ತ ಹೇಳಿದಳು: “ಕಳ್ಳನ ಮಂಡಿ ಸರಿ ಉಂಟು, ನನ್ನದು ಇಲ್ಲ. ಅಷ್ಟೇ ವ್ಯತ್ಯಾಸ.”

೩. ಊರಿಂದ ಬಂದವರು

‘ತವರು ಪಕ್ಕದಲ್ಲೇ ಉಂಟಲ್ಲ’ ಎಂದು ಬೀಗರು ಮಗಳನ್ನು ಹೆರಿಗೆಗೂ ಕಳಿಸಲಿಲ್ಲ. ಒಂದು ಮಧ್ಯಾಹ್ನ ಅಳಿಯನ ಫೋನು: “ನೋವು ಶುರುವಾಗಿದೆ, ಬೇಗ ಬನ್ನಿ.” ಮಗಳು ಕಿಟಕಿಯ ಸರಳು ಹಿಡಿದು ನಿಂತದ್ದು ನಮ್ಮ ಅಡುಗೆಮನೆಯಿಂದಲೇ ಕಾಣುತ್ತಿತ್ತು. ಹೆಂಡತಿ ಒದ್ದೆ ಕೈಯಲ್ಲೇ ಓಡಿದಳು.

ಹೈವೇಯಲ್ಲಿ ನಮ್ಮ ರಿಕ್ಷಾ ಸಿಕ್ಕಿಬಿತ್ತು. ನೋಡಿದರೆ, ಡಿವೈಡರಿನ ಆಚೆ ಎದುರಿನಿಂದ ಬರುತ್ತಿರುವ ರಿಕ್ಷಾದಲ್ಲಿ ಮಗಳೇ ಕೂತಿದ್ದಾಳೆ! “ಅಮ್ಮಾ!” ಎಂದು ಅತ್ತಿಂದ ಅವಳು, “ಮಗಾ!” ಎಂದು ಇತ್ತಿಂದ ಇವಳು. ಅವರು ಹೊರಟಿದ್ದು ಆಸ್ಪತ್ರೆಗೆ. ಆಸ್ಪತ್ರೆ ಇರುವುದು ನಮ್ಮ ಬಿಲ್ಡಿಂಗಿನ ಹಿಂದೆ. ಅವರು ಅತ್ತ ಹೋದರು, ನಾವು ಯು-ಟರ್ನ್ ಹುಡುಕಿಕೊಂಡು ಇತ್ತ ಹೋದೆವು. ದಾರಿಯುದ್ದಕ್ಕೂ ಇವಳು ಅತ್ತಳು.

ನಾವು ಮುಟ್ಟುವಷ್ಟರಲ್ಲಿ ಮೊಮ್ಮಗಳು ಹುಟ್ಟಿ, ಅತ್ತು, ನಿದ್ದೆಗೂ ಜಾರಿದ್ದಳು. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ ಇವಳನ್ನು ಕಂಡು ನಮ್ಮ ಮಂಗಳೂರು ಕಡೆಯ ನರ್ಸು ಕನಿಕರದಿಂದ ಕೇಳಿದಳು: “ಪಾಪ, ಊರಿಂದ ಬಂದದ್ದಾ ಅಮ್ಮಾ?”

“ಊರಿಂದ ಹೊರಟಿದ್ದರೆ ಇಷ್ಟೊತ್ತಿಗೆ ಮುಟ್ಟಿ ಮಗುವಿಗೆ ಬಿಸಿನೀರು ಕಾಯಿಸ್ತಿದ್ದೆ ಮಾರಾಯ್ತಿ,” ಎಂದಳು ಇವಳು. “ನಾನು ಪಕ್ಕದ ಬಿಲ್ಡಿಂಗಿನವಳು.”